ಗಡಿ ದಾಟಿದ ರೂಪಾಯಿ: ಕೈಗೆ ಬಂದದ್ದೆಷ್ಟು?

ವೀಸಾ ಬಂತು, ಟಿಕೆಟ್ ಆಯಿತು ಅನ್ನುವ ಹೊತ್ತಿಗೆ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ದುಡ್ಡು ಎಷ್ಟು ಒಯ್ಯೋಣ, ಹೇಗೆ ಒಯ್ಯೋಣ? ಮಗಳ ಬಾಣಂತನಕ್ಕೆಂದು ಡಲ್ಲಾಸ್‌ಗೆ ಹೊರಟ ತಾಯಿ, ನಿವೃತ್ತಿಯಾದ ಮೇಲೆ ಮೊದಲ ಸಲ ಬ್ಯಾಂಕಾಕ್ ನೋಡಲು ಹೊರಟ ಮೇಷ್ಟರು, ನೇಪಾಳದ ಮುಕ್ತಿನಾಥಕ್ಕೆ ಹೊರಟ ಊರಿನ ಯಾತ್ರಾ ತಂಡ, ಎಲ್ಲರದೂ ಇದೇ ಪ್ರಶ್ನೆ. ಟಿಕೆಟ್ಟಿನಲ್ಲಿ ಐನೂರು ರೂಪಾಯಿ ಉಳಿಸಲು ವಾರಗಟ್ಟಲೆ ಹುಡುಕುವ ನಾವು, ಹಣ ಬದಲಾಯಿಸುವ ಕೆಲಸವನ್ನು ಮಾತ್ರ ಹೊರಡುವ ಹಿಂದಿನ ದಿನಕ್ಕೋ ವಿಮಾನ ನಿಲ್ದಾಣದ ಕೌಂಟರಿಗೋ ಬಿಟ್ಟಿರುತ್ತೇವೆ. ಆ ಅವಸರದಲ್ಲಿ ಸಾವಿರಗಟ್ಟಲೆ ಹೋಗುತ್ತದೆ. ಹೋದದ್ದು ಗೊತ್ತೂ ಆಗುವುದಿಲ್ಲ. ಈ ವ್ಯವಹಾರದಲ್ಲಿ ನಷ್ಟಕ್ಕೆ ಬೇರೆ ರಸೀದಿ ಇಲ್ಲ, ಅದು ದರದೊಳಗೇ ಕೂತಿರುತ್ತದೆ.

ಹಣ ಬದಲಾಯಿಸುವ ಅಂಗಡಿಯ ಹಲಗೆಯಲ್ಲಿ ಪ್ರತಿ ಕರೆನ್ಸಿಯ ಮುಂದೆ ಎರಡು ಅಂಕಿಗಳಿರುತ್ತವೆ, ಕೊಳ್ಳುವ ದರ ಮತ್ತು ಮಾರುವ ದರ. ಎರಡನ್ನೂ ಅಂಗಡಿಯವರು ತಮ್ಮ ಕಡೆಯಿಂದ ಬರೆದಿರುತ್ತಾರೆ. ನಾವು ಡಾಲರ್ ಬೇಕೆಂದು ಹೋದಾಗ ನಮಗೆ ಅನ್ವಯಿಸುವುದು ಅವರು ಮಾರುವ ದರ, ಅಂದರೆ ದೊಡ್ಡ ಅಂಕಿ. ಉಳಿದ ಡಾಲರ್ ಹಿಂದಿರುಗಿಸಲು ಹೋದಾಗ ಸಿಗುವುದು ಚಿಕ್ಕ ಅಂಕಿ. ಮೊಬೈಲಿನಲ್ಲಿ ಹುಡುಕಿದರೆ ಕಾಣುವ ದರ ಇವೆರಡರ ನಡುವಿನದು. ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಭಾರಿ ಮೊತ್ತದ ವಹಿವಾಟು ನಡೆಸುವಾಗಿನ ದರ. ಆ ದರಕ್ಕೆ ನಮಗೆ ಯಾರೂ ನೋಟು ಕೊಡಲಾರರು. ಆದರೆ ಅಂಗಡಿಯ ದರ ಎಷ್ಟು ದೂರ ಸರಿದಿದೆ ಎಂದು ಅಳೆಯಲು ಅದು ಬೇಕೇ ಬೇಕು.

ಲೆಕ್ಕ ಸುಲಭವಾಗಲೆಂದು ಮಧ್ಯದ ದರ ಡಾಲರಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಗಡಿ 102ಕ್ಕೆ ಮಾರುತ್ತದೆ, 97ಕ್ಕೆ ಕೊಳ್ಳುತ್ತದೆ. 500 ಡಾಲರಿಗೆ ನೀವು ಕೊಟ್ಟದ್ದು 51,000 ರೂಪಾಯಿ. ಪ್ರವಾಸ ರದ್ದಾಗಿ ಮರುದಿನವೇ ಅಷ್ಟನ್ನೂ ಹಿಂದಿರುಗಿಸಿದರೆ ಕೈಗೆ ಬರುವುದು 48,500. ಎರಡೂವರೆ ಸಾವಿರ ಹೋಯಿತು, ಆದರೂ ‘ಕಮಿಷನ್ ಇಲ್ಲ’ ಎಂದು ಅಂಗಡಿಯ ಬಾಗಿಲಲ್ಲಿ ಬರೆದದ್ದು ಸುಳ್ಳಲ್ಲ! ಸರ್ಕಾರದ ತೆರಿಗೆಯೂ ಇಲ್ಲಿ ದೊಡ್ಡದಲ್ಲ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ರಷ್ಟನ್ನು ಸೇವೆಯ ಮೌಲ್ಯವೆಂದು ಎಣಿಸಿ, ಅದಕ್ಕೆ ಶೇ 18ರ ಜಿಎಸ್‌ಟಿ ಹಾಕುತ್ತಾರೆ. 51,000 ರೂಪಾಯಿಗೆ ಅದು 92 ರೂಪಾಯಿಯಷ್ಟೇ. ಬಿಲ್ಲಿನಲ್ಲಿ ಕಾಣುವ ಈ 92 ರೂಪಾಯಿಗೆ ಕೊಸರಾಡುವವರನ್ನು ನೋಡಿದ್ದೇನೆ. ದರದಲ್ಲಿ ಅಡಗಿದ ಸಾವಿರವನ್ನು ಕೇಳಿದವರು ಕಡಿಮೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಇವತ್ತಿನ ರೇಟ್ ಎಷ್ಟು’ ಎಂಬುದಲ್ಲ. ‘ಎಲ್ಲ ಸೇರಿ ಇಷ್ಟು ರೂಪಾಯಿ ಕೊಟ್ಟರೆ ನನ್ನ ಕೈಗೆ ಎಷ್ಟು ಡಾಲರ್ ಬರುತ್ತದೆ’ ಎಂದೇ ಕೇಳಬೇಕು. ಎರಡು ಮೂರು ಕಡೆ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದರೆ ಒಂದೊಂದು ಕಡೆ ಒಂದೊಂದು ಉತ್ತರ ಸಿಗುತ್ತದೆ. ಈ ದರವನ್ನು ರಿಸರ್ವ್ ಬ್ಯಾಂಕ್ ನಿಗದಿ ಮಾಡುವುದಿಲ್ಲ, ಅಂಗಡಿಯವರೇ ಮಾಡುತ್ತಾರೆ. ಆದ್ದರಿಂದ ಚೌಕಾಸಿಗೆ ಜಾಗವಿದೆ, ಮೊತ್ತ ದೊಡ್ಡದಿದ್ದರೆ ಇನ್ನಷ್ಟು. ಬೆಂಗಳೂರಿನ ಎಂ.ಜಿ. ರಸ್ತೆಯ ಸುತ್ತಮುತ್ತ ಬೆಳಿಗ್ಗೆ ಒಂದು ಗಂಟೆ ತಿರುಗಿದರೂ ಸಾಕು, ವಿಮಾನ ನಿಲ್ದಾಣದ ದರಕ್ಕೂ ಪೇಟೆಯ ದರಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ನಿಲ್ದಾಣದ ಕೌಂಟರು ಜಾಗಕ್ಕೆ ದುಬಾರಿ ಬಾಡಿಗೆ ಕಟ್ಟುತ್ತದೆ, ಅಲ್ಲಿಗೆ ಬರುವ ಗಿರಾಕಿಗೆ ಬೇರೆ ಅಂಗಡಿ ಹುಡುಕುವ ಪುರುಸೊತ್ತಿಲ್ಲ. ದರ ಏರಲು ಇನ್ನೇನು ಬೇಕು?

ನೋಟು ಯಾಕೆ ಇಷ್ಟು ದುಬಾರಿ ಎಂಬುದಕ್ಕೂ ಕಾರಣವಿದೆ. ಕಾಗದದ ಹಣವನ್ನು ವಿಮಾನದಲ್ಲಿ ತರಬೇಕು, ವಿಮೆ ಮಾಡಿಸಬೇಕು, ಖೋಟಾ ಅಲ್ಲವೆಂದು ಪರೀಕ್ಷಿಸಬೇಕು, ಗಿರಾಕಿ ಬರುವ ತನಕ ತಿಜೋರಿಯಲ್ಲಿಟ್ಟು ಕಾಯಬೇಕು. ಡಾಲರ್, ಯೂರೋ ಬೇಗ ಖರ್ಚಾಗುತ್ತವೆ, ಅಂತರ ಕಡಿಮೆ. ಥಾಯ್ಲೆಂಡಿನ ಬಾತ್, ವಿಯೆಟ್ನಾಮಿನ ಡಾಂಗ್ ಹಾಗಲ್ಲ. ಅದಕ್ಕೇ ಬ್ಯಾಂಕಾಕ್‌ಗೆ ಹೋಗುವವರಲ್ಲಿ ಅನೇಕರು ಇಲ್ಲಿ ಡಾಲರ್ ಕೊಂಡು ಅಲ್ಲಿ ಬಾತ್‌ಗೆ ಬದಲಾಯಿಸುತ್ತಾರೆ. ಎರಡು ಸಲ ಬದಲಾಯಿಸಿದರೂ ಒಮ್ಮೊಮ್ಮೆ ಅದೇ ಲಾಭ. ಯಾವುದು ಲಾಭ ಎಂಬುದನ್ನು ಬಾಯಿಮಾತಿನಲ್ಲಿ ನಂಬದೆ, ಹತ್ತು ಸಾವಿರ ರೂಪಾಯಿಗೆ ಕೊನೆಗೆ ಎಷ್ಟು ಬಾತ್ ಎಂದು ಎರಡೂ ದಾರಿಯಲ್ಲಿ ಲೆಕ್ಕ ಹಾಕಿ ನೋಡಿ. ಬ್ಯಾಂಕಾಕಿನ ಅಂಗಡಿಗಳಲ್ಲಿ 100 ಡಾಲರ್ ನೋಟಿಗೆ ಒಂದು ದರವಾದರೆ, ಹತ್ತು ಇಪ್ಪತ್ತರ ನೋಟುಗಳಿಗೆ ಅದಕ್ಕಿಂತ ಕಡಿಮೆ ದರ. ಸುವರ್ಣಭೂಮಿ ವಿಮಾನ ನಿಲ್ದಾಣದ ಒಳಗೇ ಎರಡು ಲೋಕಗಳಿವೆ: ಇಳಿದ ಕೂಡಲೇ ಎದುರಾಗುವ ಬ್ಯಾಂಕ್ ಕೌಂಟರುಗಳ ದರವೇ ಬೇರೆ, ನೆಲಮಾಳಿಗೆಯಲ್ಲಿ ನಗರದ ರೈಲು ಹತ್ತುವ ಕಡೆ ಸಾಲಾಗಿರುವ ಸಣ್ಣ ಅಂಗಡಿಗಳ ದರವೇ ಬೇರೆ.

ಇನ್ನು ಕಾರ್ಡಿನ ವಿಷಯ. ನಮ್ಮವರು ಅತಿ ಹೆಚ್ಚು ಮೋಸಹೋಗುವುದು ಇಲ್ಲೇ ಎಂದು ನನ್ನ ಖಚಿತ ಅಭಿಪ್ರಾಯ. ಕಳ್ಳರಿಂದಲ್ಲ, ಕಾನೂನಿನ ಒಳಗೇ ಇರುವ ಒಂದು ಏರ್ಪಾಟಿನಿಂದ. ವಿದೇಶದ ಎಟಿಎಂನಲ್ಲಿ ಕಾರ್ಡ್ ತೂರಿಸಿ 10,000 ಬಾತ್ ಎಂದು ಒತ್ತುತ್ತೀರಿ. ಪರದೆಯ ಮೇಲೆ ರೂಪಾಯಿಯ ಮೊತ್ತ ಮೂಡುತ್ತದೆ: ‘ನಿಮ್ಮ ಹಣ ಇಷ್ಟು ರೂಪಾಯಿ, ಒಪ್ಪಿಗೆಯೇ?’ ಅನ್ಯದೇಶದಲ್ಲಿ ನಮ್ಮ ರೂಪಾಯಿ ಕಂಡರೆ ಮನಸ್ಸಿಗೆ ಹಾಯೆನಿಸುತ್ತದೆ. ಒಪ್ಪಿಗೆ ಒತ್ತುತ್ತೇವೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂದು ಹೆಸರು, ಡಿಸಿಸಿ ಎಂಬುದು ಬಳಕೆಯ ಹೆಸರು. ಒಪ್ಪಿದ ಕ್ಷಣದಲ್ಲಿ ವಿನಿಮಯದ ದರವನ್ನು ನಿಶ್ಚಯಿಸುವ ಹಕ್ಕು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದ ಕೈಯಿಂದ ಆ ಯಂತ್ರದ ಒಡೆಯನ ಬ್ಯಾಂಕಿಗೆ ಹೋಗುತ್ತದೆ. ಜಾಲದ ದರ ಸಾಮಾನ್ಯವಾಗಿ ಮಧ್ಯದ ದರಕ್ಕೆ ಹತ್ತಿರವಿರುತ್ತದೆ. ಯಂತ್ರದ ಬ್ಯಾಂಕು ತನಗೂ ಅಂಗಡಿಗೂ ಪಾಲು ಸೇರಿಸಿಕೊಂಡು ದರ ಕಟ್ಟುತ್ತದೆ. ಇದರ ಮೇಲೆ, ವಿದೇಶದಲ್ಲಿ ರೂಪಾಯಿ ಲೆಕ್ಕದಲ್ಲಿ ನಡೆದ ವ್ಯವಹಾರಕ್ಕೂ ನಮ್ಮ ಕೆಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕ ಹಾಕುತ್ತವೆ. ಒಂದೇ ಬಿಲ್ಲಿಗೆ ಎರಡು ಕಡೆ ತೆತ್ತಂತಾಯಿತು.

ಬೇಡವೆನ್ನಲು ‘ಡಿಕ್ಲೈನ್ ಕನ್ವರ್ಷನ್’ ಅಥವಾ ‘ವಿದೌಟ್ ಕನ್ವರ್ಷನ್’ ಎಂಬ ಗುಂಡಿ ಇರುತ್ತದೆ. ಡಿಕ್ಲೈನ್ ಎಂಬುದನ್ನು ಕಂಡರೆ ಹಿರಿಯರಿಗೆ ಭಯ. ಹಣವೇ ಬಾರದೆ ಹೋದರೆ? ಕಾರ್ಡ್ ಒಳಗೇ ಉಳಿದರೆ? ಹಾಗೇನೂ ಆಗುವುದಿಲ್ಲ. ನಿರಾಕರಿಸುತ್ತಿರುವುದು ಅವರ ದರವನ್ನು ಮಾತ್ರ. ಹಣ ಬಂದೇ ಬರುತ್ತದೆ, ಲೆಕ್ಕ ಬಾತ್‌ನಲ್ಲಿ ನಡೆಯುತ್ತದೆ. ಹೋಟೆಲು, ಅಂಗಡಿಗಳಲ್ಲಿ ಕಾರ್ಡ್ ಯಂತ್ರವನ್ನು ಕ್ಯಾಷಿಯರ್ ತಾನೇ ಒತ್ತಿ ಕೊಡುವುದುಂಟು, ಹಾಗಾಗಿ ಮೊದಲೇ ‘ಲೋಕಲ್ ಕರೆನ್ಸಿ’ ಎಂದು ಹೇಳಿಬಿಡಿ. ಚೀಟಿಯಲ್ಲಿ ರೂಪಾಯಿ ಎಂದು ಬಂದಿದ್ದರೆ ಅಲ್ಲೇ ರದ್ದುಮಾಡಿಸಿ ಮತ್ತೆ ಎಳೆಸಿ. ಅಪ್ಪ ಅಮ್ಮನನ್ನು ವಿದೇಶಕ್ಕೆ ಕಳಿಸುವ ಮಕ್ಕಳು ಬೇರೇನೂ ಕಲಿಸದಿದ್ದರೂ ಇದೊಂದನ್ನು ಕಲಿಸಿ ಕಳಿಸಬೇಕು.

ಇಷ್ಟಾದರೂ ಕಾರ್ಡ್ ಪುಕ್ಕಟೆಯಲ್ಲ. ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡಿನಲ್ಲಿ ವಿದೇಶದ ಬಳಕೆಗೆ ಶೇ 2ರಿಂದ ಮೂರೂವರೆಯವರೆಗೆ ಮಾರ್ಕಪ್, ಅದರ ಮೇಲೆ ಜಿಎಸ್‌ಟಿ. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ, ವಿಚಾರಿಸಿ ಪಡೆಯಬಹುದು. ಎಟಿಎಂ ಒಡೆಯನ ಶುಲ್ಕ ಬೇರೆ. ಥಾಯ್ಲೆಂಡಿನಲ್ಲಿ ಹೊರದೇಶದ ಕಾರ್ಡಿಗೆ ಪ್ರತಿ ಸಲ 200 ಬಾತ್‌ಗೂ ಮಿಕ್ಕಿ ಕತ್ತರಿಸುತ್ತಾರೆ. ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡ, ಮೊದಲ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ನೆಮ್ಮದಿಯದು. ತುಂಬಿಸಿದ ದಿನದ ದರವೇ ಕೊನೆವರೆಗೆ. ಆದರೆ ಡಾಲರ್ ತುಂಬಿಸಿದ ಕಾರ್ಡನ್ನು ಯೂರೋ ದೇಶದಲ್ಲಿ ಉಜ್ಜಿದರೆ ಮತ್ತೊಂದು ವಿನಿಮಯ, ಮತ್ತೊಂದು ಕಡಿತ. ಹೋಟೆಲಿನವರು, ಬಾಡಿಗೆ ಕಾರಿನವರು ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ. ಅದಕ್ಕೆ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮದೇ ಹಣ ದಿನಗಟ್ಟಲೆ ಕೈಗೆ ಸಿಗದೆ ಹೋಗಬಹುದು. ಅಲ್ಲಿಗೆ ಕ್ರೆಡಿಟ್ ಕಾರ್ಡೇ ಸರಿ.

ಈ ಆಯ್ಕೆಗಳೆಲ್ಲ ಇತ್ತೀಚಿನವು. 1960ರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೊರಟ ಭಾರತದ ಎಷ್ಟೋ ವಿದ್ಯಾರ್ಥಿಗಳು ಕೈಯಲ್ಲಿ 8 ಡಾಲರ್ ಹಿಡಿದು ಇಳಿದರು. ವಿದೇಶಿ ವಿನಿಮಯದ ಬರದಲ್ಲಿ ದೇಶ ಕೊಡಬಹುದಾಗಿದ್ದದ್ದೇ ಅಷ್ಟು. ಅವರ ಮೊದಲ ವಾರದ ಊಟ ತಿಂಡಿ ಹೇಗೆ ನಡೆಯಿತೆಂದು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. ಕರಾವಳಿಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದಕ್ಕೂ ಸ್ವಲ್ಪ ಮೊದಲು ಮಂಗಳೂರು, ಭಟ್ಕಳದ ಕಡೆಯಿಂದ ಕುವೈತ್, ಬಹರೇನ್ ಸೇರಿದವರಿಗೆ ಹಣ ಬದಲಾಯಿಸುವ ತೊಂದರೆಯೇ ಇರಲಿಲ್ಲ, ಅಲ್ಲೆಲ್ಲ ಓಡುತ್ತಿದ್ದದ್ದು ಭಾರತದ ರೂಪಾಯಿಯೇ. ಅದೇ ರೂಪಾಯಿ ಚಿನ್ನದ ಕಳ್ಳಸಾಗಣೆಗೂ ದಾರಿಯಾದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. ಹಜ್ ಯಾತ್ರಿಕರಿಗೆಂದು 10 ಮತ್ತು 100 ರೂಪಾಯಿಯ ಪ್ರತ್ಯೇಕ ನೋಟುಗಳೂ ಬಂದವು. 1961ರಲ್ಲಿ ಕುವೈತ್, 1965ರಲ್ಲಿ ಬಹರೇನ್ ಸ್ವಂತ ದಿನಾರ್ ತಂದವು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಉಳಿದವೂ ಒಂದೊಂದಾಗಿ ಕೈಬಿಟ್ಟವು. ಒಮಾನ್ ಮಾತ್ರ 1970ರ ತನಕ ಉಳಿಸಿಕೊಂಡಿತ್ತು.

ಈಗಿನ ನಿಯಮ ಉದಾರವಾದದ್ದು. 2004ರಲ್ಲಿ 25,000 ಡಾಲರಿನಿಂದ ಶುರುವಾದ ಉದಾರೀಕೃತ ರವಾನೆ ಯೋಜನೆಯಲ್ಲಿ ಈಗ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಬಳಸಬಹುದು. ಆದರೆ ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು ಒಂದು ಪ್ರವಾಸಕ್ಕೆ 3,000 ಡಾಲರ್ ಅಥವಾ ಅದಕ್ಕೆ ಸಮನಾದ ಬೇರೆ ಕರೆನ್ಸಿ. ಕೆಲವೇ ದೇಶಗಳಿಗೆ ಮತ್ತು ಹಜ್, ಉಮ್ರಾ ಯಾತ್ರೆಗೆ ವಿನಾಯಿತಿ ಇದೆ. ಭಾರತದ ರೂಪಾಯಿಯನ್ನು 25,000ದವರೆಗೆ ಜೊತೆಗಿಟ್ಟುಕೊಳ್ಳಬಹುದು. ವಾಪಸು ಬಂದಾಗ ವಿಮಾನ ನಿಲ್ದಾಣದಿಂದ ಮನೆ ಸೇರಲು ಅಷ್ಟು ಧಾರಾಳ. ವಿದೇಶಿ ನೋಟು ಕೊಳ್ಳುವಾಗ 50,000 ರೂಪಾಯಿ ದಾಟಿದರೆ ನಗದು ಕೊಡುವಂತಿಲ್ಲ, ಬ್ಯಾಂಕಿನ ಮೂಲಕವೇ ಪಾವತಿ ಆಗಬೇಕು. ವರ್ಷದಲ್ಲಿ ಒಟ್ಟು 10 ಲಕ್ಷ ರೂಪಾಯಿ ಮೀರಿದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ (ಟಿಸಿಎಸ್) ಬೀಳುತ್ತದೆ, ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಬಿಲ್ಲಿಲ್ಲದೆ ‘ಒಳ್ಳೆ ರೇಟ್’ ಕೊಡುತ್ತೇನೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಹತ್ತಿರ ಹೋಗಬೇಡಿ. ನೋಟು ಖೋಟಾ ಆಗಿದ್ದರೆ ಕೇಳಲು ಜಾಗವಿಲ್ಲ, ಸಿಕ್ಕಿಬಿದ್ದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ (ಫೆಮಾ) ಮೊತ್ತದ ಮೂರು ಪಟ್ಟಿನವರೆಗೆ ದಂಡ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಅಂಗಡಿಯ ಬಿಲ್ಲು ಜೇಬಿನಲ್ಲಿದ್ದರೆ ಕಸ್ಟಮ್ಸ್‌ನವರು ಕೇಳಿದಾಗ ತಡವರಿಸಬೇಕಿಲ್ಲ.

ಎಲ್ಲವೂ ಕಾರ್ಡು, ಎಲ್ಲವೂ ಫೋನು ಆದ ಮೇಲೆ ನಗದು ಯಾಕೆ ಎನ್ನುವವರಿಗೆ ಜಪಾನ್ ಉತ್ತರ ಕೊಡುತ್ತದೆ. ಟೋಕಿಯೊದ ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆದರೂ ಸಣ್ಣ ನೂಡಲ್ಸ್ ಅಂಗಡಿ, ಹಳ್ಳಿಯ ವಸತಿಗೃಹ, ದೇವಾಲಯದ ಪ್ರವೇಶದ ಕಿಟಕಿಯಲ್ಲಿ ಯೆನ್ ನೋಟೇ ಬೇಕಾಗುವುದುಂಟು. ರೈಲಿನ ಸುಯಿಕಾ ಕಾರ್ಡನ್ನು ನಿಲ್ದಾಣದ ಯಂತ್ರದಲ್ಲಿ ತುಂಬಿಸಲೂ ಬಹುಮಟ್ಟಿಗೆ ನಗದು. ಅಲ್ಲಿ ಹಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೌಂಟರಿನ ಪುಟ್ಟ ತಟ್ಟೆಯಲ್ಲಿ ಇಡುತ್ತಾರೆ, ಚಿಲ್ಲರೆಯೂ ತಟ್ಟೆಯಲ್ಲೇ ಬರುತ್ತದೆ. ಹೊರದೇಶದ ಕಾರ್ಡಿಗೆ ಹಣ ಕೊಡುವ ಎಟಿಎಂ ಸೆವೆನ್-ಇಲೆವೆನ್ ಅಂಗಡಿಗಳಲ್ಲಿ ರಾತ್ರಿ ಹಗಲೆನ್ನದೆ ಸಿಗುತ್ತದೆ. ನಮ್ಮವರು ಅಲ್ಲಿ ಎಡವುವುದು ನಾಣ್ಯದಲ್ಲಿ. ನಾಣ್ಯವೆಂದರೆ ಕೆಲಸಕ್ಕೆ ಬಾರದ ಚಿಲ್ಲರೆ ಎಂದು ನಮ್ಮ ಕೈಗೆ ಅಭ್ಯಾಸವಾಗಿದೆ. 500 ಯೆನ್ ನಾಣ್ಯದ ಬೆಲೆ ಸುಮಾರು 300 ರೂಪಾಯಿ; ಯೂರೋಪಿನಲ್ಲಿ ಎರಡು ಯೂರೋ ನಾಣ್ಯವೊಂದಕ್ಕೆ ಎರಡು ನೂರು. ಬ್ಯಾಗಿನ ತಳಕ್ಕೆ ಹಾಕಿ ಮರೆತ ಒಂದು ಹಿಡಿ ನಾಣ್ಯದಲ್ಲಿ ಒಂದು ದಿನದ ಊಟವೇ ಇರುತ್ತದೆ. ಅವನ್ನು ಊರಿಗೆ ತಂದರೆ ಯಾವ ಅಂಗಡಿಯೂ ಬದಲಾಯಿಸಿ ಕೊಡುವುದಿಲ್ಲ. ಕೊನೆಯ ದಿನ ಬಿಲ್ಲಿನಲ್ಲಿ ನಾಣ್ಯವಿದ್ದಷ್ಟನ್ನು ಕೊಟ್ಟು ಉಳಿದದ್ದನ್ನು ಕಾರ್ಡಿನಲ್ಲಿ ಕಟ್ಟುವುದೇ ಉಪಾಯ.

ಲಂಡನ್ನಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿನ ಸಿಟಿ ಬಸ್ಸುಗಳಲ್ಲಿ 2014ರ ಜುಲೈಯಿಂದಲೇ ನಗದು ತೆಗೆದುಕೊಳ್ಳುವುದಿಲ್ಲ. ಜೇಬು ತುಂಬ ಪೌಂಡ್ ಇದ್ದರೂ ಕಾರ್ಡಿಲ್ಲದವರು ಹತ್ತುವಂತಿಲ್ಲ. ಸ್ವೀಡನ್ನಿನ ಎಷ್ಟೋ ಅಂಗಡಿಗಳೂ ಹೀಗೆಯೇ. ಶ್ರೀಲಂಕಾ, ಮಾರಿಷಸ್‌ಗಳಲ್ಲಿ 2024ರ ಫೆಬ್ರುವರಿಯಿಂದ ನಮ್ಮ ಯುಪಿಐ ಶುರುವಾಗಿದೆ. ಭೂತಾನ್, ನೇಪಾಳ, ಸಿಂಗಪುರ, ಯುಎಇಗಳಲ್ಲೂ ಹಲವೆಡೆ ನಡೆಯುತ್ತದೆ. ಅದೊಂದನ್ನೇ ನೆಚ್ಚಿಕೊಂಡು ಹೋಗುವಷ್ಟು ಅದು ಇನ್ನೂ ಹಬ್ಬಿಲ್ಲ.

ನೇಪಾಳದ ಲೆಕ್ಕವೇ ಪ್ರತ್ಯೇಕ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರೇ ಆದ್ದರಿಂದ ನಮ್ಮವರಿಗೆ ಅದು ಪರದೇಶ ಅನ್ನಿಸುವುದೇ ಇಲ್ಲ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಒಂದು ರೂಪಾಯಿ ಅರವತ್ತು ಪೈಸೆ. 1993ರಿಂದ ಇದು ಬದಲಾಗಿಲ್ಲ. ತೊಡಕಿರುವುದು ನೋಟಿನ ಗಾತ್ರದಲ್ಲಿ. 2016ರ ನೋಟು ರದ್ದತಿಯಲ್ಲಿ ನಮ್ಮ ಹಳೆಯ ನೋಟುಗಳು ಅಲ್ಲಿ ರಾಶಿ ರಾಶಿ ಉಳಿದುಹೋದವು. 2018ರ ಡಿಸೆಂಬರಿನಲ್ಲಿ ನೇಪಾಳ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ದೊಡ್ಡ ನೋಟುಗಳ ಬಗ್ಗೆ ಎರಡೂ ಕಡೆಯ ನಿಯಮ ಆಗಾಗ ಬದಲಾಗುತ್ತ ಬಂದಿದೆ, ಹೊರಡುವ ವಾರ ವಿಚಾರಿಸಿಕೊಳ್ಳಬೇಕು. 100 ರೂಪಾಯಿವರೆಗಿನ ನೋಟುಗಳಿಗೆ ಈ ತಕರಾರಿಲ್ಲ, ಯಾತ್ರಾ ತಂಡದವರು ನೂರರ ಕಟ್ಟುಗಳನ್ನೇ ಒಯ್ಯುವುದು ಕ್ಷೇಮ.

ನೋಟಿನ ಸ್ಥಿತಿಯೂ ಮುಖ್ಯ. ಅಮೆರಿಕದ ಲೆಕ್ಕದಲ್ಲಿ 1861ರ ನಂತರ ಅಚ್ಚಾದ ಎಲ್ಲ ಡಾಲರ್ ನೋಟುಗಳೂ ಚಲಾವಣೆಗೆ ಸಿಂಧು. ಆಗ್ನೇಯ ಏಷ್ಯಾ, ಆಫ್ರಿಕಾದ ಕೌಂಟರುಗಳಲ್ಲಿ ಈ ಮಾತು ನಡೆಯುವುದಿಲ್ಲ. ಪೆನ್ನಿನ ಗೀಟು, ಸಣ್ಣ ಹರುಕು, ಮಡಿಕೆಯ ಗೆರೆ, ಹಳೆಯ ವಿನ್ಯಾಸ, ಇವುಗಳಲ್ಲಿ ಒಂದಿದ್ದರೂ ನೋಟನ್ನು ಹಿಂದಕ್ಕೆ ತಳ್ಳುತ್ತಾರೆ, ಇಲ್ಲವೇ ದರ ಇಳಿಸುತ್ತಾರೆ. ಹಾಗಾಗಿ ಇಲ್ಲಿ ಕೊಳ್ಳುವಾಗಲೇ ಒಂದೊಂದು ನೋಟನ್ನೂ ತಿರುವಿ ನೋಡಿ, ಹಾಳಾದದ್ದನ್ನು ಬದಲಿಸಿಕೊಳ್ಳಿ.

ಬಾಲಿಯ ಬೀದಿಬದಿಯ ಕೆಲವು ಮನಿ ಚೇಂಜರುಗಳ ಕೈಚಳಕಕ್ಕೆ ಬಲಿಯಾದ ಪ್ರವಾಸಿಗರು ಅಸಂಖ್ಯ. ಹಲಗೆಯಲ್ಲಿ ಉಳಿದವರಿಗಿಂತ ಒಳ್ಳೆಯ ದರ ಬರೆದಿರುತ್ತಾರೆ. ಲಕ್ಷಗಟ್ಟಲೆ ರುಪಿಯಾವನ್ನು ಸಣ್ಣ ನೋಟುಗಳಲ್ಲಿ ನಿಮ್ಮೆದುರೇ ಎಣಿಸುತ್ತಾರೆ, ನೀವೂ ಎಣಿಸುತ್ತೀರಿ, ಸರಿಯಿರುತ್ತದೆ. ಕಟ್ಟನ್ನು ಸರಿಪಡಿಸಿ ಕೊಡುತ್ತೇನೆಂದು ಮತ್ತೆ ತೆಗೆದುಕೊಂಡಾಗ ಕೆಲವು ನೋಟುಗಳು ಮೇಜಿನ ಹಿಂದೆ ಜಾರುತ್ತವೆ. ನೀವು ಎಣಿಸಿದ ಮೇಲೆ ಕಟ್ಟು ಮತ್ತೆ ಅವರ ಕೈಗೆ ಹೋಗಬಾರದು; ಹೋದರೆ ಇನ್ನೊಮ್ಮೆ ಎಣಿಸಿ. ನಾಚಿಕೆಯ ಮಾತೇ ಇಲ್ಲ. ವಿಯೆಟ್ನಾಮಿನಲ್ಲಿ 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ, ಮಬ್ಬು ಬೆಳಕಿನ ಟ್ಯಾಕ್ಸಿಯಲ್ಲಿ ಇಪ್ಪತ್ತೈದು ಪಟ್ಟು ಕೊಟ್ಟು ಇಳಿಯುವುದು ಸುಲಭ. ಇಳಿದ ಮೊದಲ ಸಂಜೆ ಕೋಣೆಯಲ್ಲಿ ಕುಳಿತು ಆ ದೇಶದ ನೋಟುಗಳನ್ನು ಹರಡಿ ಬಣ್ಣ, ಸೊನ್ನೆಗಳನ್ನು ಗುರುತು ಮಾಡಿಕೊಳ್ಳಿ.

ಹಾಗಾದರೆ ಎಷ್ಟು ಒಯ್ಯಬೇಕು? ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗುವವರಿಗೆ ಇನ್ನೂರು ಮುನ್ನೂರು ಡಾಲರ್ ಸಾಕು, ಅದರಲ್ಲಿ ಒಂದು, ಐದು, ಹತ್ತರ ನೋಟುಗಳು ಇರಲಿ. ಜಪಾನಿಗಾದರೆ ಖರ್ಚಿನ ಮೂರನೇ ಒಂದು ಪಾಲು ನಗದು ಎಂದು ನಾನು ಹೇಳುತ್ತೇನೆ. ಎರಡು ಕಾರ್ಡಿರಲಿ, ಬೇರೆಬೇರೆ ಬ್ಯಾಂಕಿನವು, ಬೇರೆಬೇರೆ ಜಾಲದವು. ಒಂದು ಗಂಡನ ಬಳಿ, ಇನ್ನೊಂದು ಹೆಂಡತಿಯ ಬಳಿ. 2020ರ ಅಕ್ಟೋಬರಿನಿಂದ ನಮ್ಮ ಬ್ಯಾಂಕುಗಳು ಹೊಸ ಕಾರ್ಡುಗಳನ್ನು ದೇಶದೊಳಗಿನ ಬಳಕೆಗಷ್ಟೇ ತೆರೆದು ಕೊಡುತ್ತವೆ. ವಿದೇಶದ ಬಳಕೆಯನ್ನು ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಇದನ್ನು ಮನೆಯಲ್ಲೇ ಮಾಡಿ ಮುಗಿಸಬೇಕು. ಅಲ್ಲಿ ಹೋಗಿ ಮಾಡಹೊರಟರೆ ಓಟಿಪಿ ಬರುವುದು ಭಾರತದ ಸಿಮ್‌ಗೆ, ಆ ಸಿಮ್ ರೋಮಿಂಗ್ ಇಲ್ಲದೆ ಮಲಗಿರುತ್ತದೆ.

ಮರಳಿ ಬಂದ ಮೇಲೂ ಸ್ವಲ್ಪ ಕೆಲಸ ಉಳಿದಿರುತ್ತದೆ. ನೋಟುಗಳಲ್ಲಿ 5,000 ಡಾಲರಿಗಿಂತ ಹೆಚ್ಚು ತಂದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಹಿಂದಿರುಗಿಸಬೇಕು. 2,000 ಡಾಲರ್‌ವರೆಗಿನ ನೋಟುಗಳನ್ನು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ಆದರೆ ನೋಟನ್ನು ಅಲಮಾರಿಯಲ್ಲಿ ವರ್ಷಗಟ್ಟಲೆ ಮರೆಯಬೇಡಿ. ಬ್ರಿಟನ್ನಿನ ಕಾಗದದ 20 ಮತ್ತು 50 ಪೌಂಡ್ ನೋಟುಗಳು 2022ರ ಸೆಪ್ಟೆಂಬರ್ 30ರ ನಂತರ ಚಲಾವಣೆಯಲ್ಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಅವನ್ನು ಈಗಲೂ ಬದಲಿಸಿ ಕೊಡುತ್ತದೆ, ಆದರೆ ಅಲ್ಲಿಗೆ ತಲುಪಿಸುವ ತಾಪತ್ರಯ ನಿಮ್ಮದು. ಬಂದ ತಿಂಗಳ ಕಾರ್ಡಿನ ಬಿಲ್ಲನ್ನು ಪ್ರವಾಸದ ಚೀಟಿಗಳ ಜೊತೆ ಇಟ್ಟು ಸಾಲು ಸಾಲಾಗಿ ಹೋಲಿಸಿ. ಒಪ್ಪದೆ ಇದ್ದರೂ ರೂಪಾಯಿ ದರದಲ್ಲಿ ಎಳೆದದ್ದು, ಎರಡು ಸಲ ಬಿದ್ದದ್ದು ಕಂಡರೆ ತಡಮಾಡದೆ ಬ್ಯಾಂಕಿಗೆ ಲಿಖಿತ ಆಕ್ಷೇಪ ಸಲ್ಲಿಸಿ, ಕಾರ್ಡಿನ ವಿದೇಶಿ ಬಳಕೆಯನ್ನು ಅದೇ ದಿನ ಮತ್ತೆ ಮುಚ್ಚಿಬಿಡಿ.